ಒಳಗೆಳೆದುಕೊಂಡ ಹೌದು

ನಾನು ಓಡಿಸಿದ ಸೈಕಲ್ ಹಸಿರು ಬಣ್ಣದ್ದು ಎಂದು ನನ್ನ ನೆನಪು. ವಾರಿಜಾ ನೀಲಿ ಎನ್ನುತ್ತಾಳೆ. ಫೋನಿನಲ್ಲಿ ಫೋಟೋ ಇದೆ, ತೆಗೆದು ನೋಡಿದರೆ ಜಗಳ ಮುಗಿಯುತ್ತದೆ. ನಾನು ಬೇಕೆಂದೇ ನೋಡಿಲ್ಲ. ಫೋಟೋ ನೋಡಿದ ಮೇಲೆ ನೆನಪು ಆ ಫೋಟೋವನ್ನೇ ತನ್ನದೆಂದು ಹೇಳಿಕೊಳ್ಳತೊಡಗುತ್ತದೆ. ಹಾಗೆ ಎಷ್ಟೋ ಊರುಗಳನ್ನು ನಾನು ಕಳೆದುಕೊಂಡಿದ್ದೇನೆ. ಸ್ವೀಡನ್ನಿನಲ್ಲಿ ಒಂದು ನಾಲೆಯ ಏರಿಯ ಮೇಲೆ ನಾವಿಬ್ಬರು ಸೈಕಲ್ ತುಳಿದ ಆ ಕೆಲವು ದಿನಗಳನ್ನಾದರೂ, ಬಣ್ಣ ತಪ್ಪಿದರೂ ಸರಿ, ಹಾಗೇ ಬರೆಯೋಣ ಎಂದುಕೊಂಡಿದ್ದೇನೆ. ದಿನಚರಿ ಬರೆಯುವ ಅಭ್ಯಾಸ ನನಗೆ ಕಾಲೇಜಿನ ದಿನಗಳಿಂದ ಇದೆ. ಆದರೆ ಆ ದಿನಗಳ ಪುಟಗಳಲ್ಲಿ ಹವೆ, ಹಕ್ಕಿ, ಹೂವುಗಳಷ್ಟೇ ಇವೆ. ಮುಖ್ಯವಾದದ್ದನ್ನು ಬರೆಯಲು ಆಗ ಮನಸ್ಸು ಬರಲಿಲ್ಲ.

ಮೋಲ್ನ್‌ಡಾಲ್

ವಾರಿಜಾ ನನ್ನ ಹೆಂಡತಿ. ಉಡುಪಿ ಕಡೆಯವಳು. ಗೋಥೆನ್‌ಬರ್ಗ್ ನಗರಕ್ಕೆ ಅಂಟಿಕೊಂಡಂತಿರುವ ಮೋಲ್ನ್‌ಡಾಲ್ ಎಂಬ ಊರಿನಲ್ಲಿ, ಔಷಧ ಸಂಶೋಧನೆಯ ಕೆಲಸಕ್ಕೆ ಮೂರು ವರ್ಷದ ಕರಾರಿನ ಮೇಲೆ ಹೋಗಿದ್ದಳು. ನಾನು ಮೈಸೂರಿನಲ್ಲಿ ಇತಿಹಾಸ ಪಾಠ ಮಾಡುತ್ತಾ ಉಳಿದೆ. ಮಗಳು ಪುಣೆಯಲ್ಲಿ ಓದುತ್ತಾಳೆ; ಅವಳ ಫೋನಿಗೆ ನಾವಿಬ್ಬರೂ ಸಮಾನ ದೂರ.

ಆ ಬೇಸಗೆಗೆ ಕರಾರು ಮುಗಿಯುವುದಿತ್ತು. ರಜೆ ಸಿಕ್ಕಿದ್ದೇ ನಾನು ಹೊರಟು ಬಂದೆ. ಬಂದಿಳಿದ ದಿನವೇ, ಅನ್ನಕ್ಕೆ ಸಾರು ಹಾಕುತ್ತಾ, ಇವತ್ತು ಬಸ್ಸು ತಡವಾಯಿತು ಎನ್ನುವ ದನಿಯಲ್ಲಿ ವಾರಿಜಾ ಹೇಳಿದಳು:

"ಕಂಪನಿಯವ್ರು ಕಾಯಂ ಮಾಡ್ತೇವೆ ಅಂತಿದ್ದಾರೆ. ಸೈಕಲ್ ಸುತ್ತಾಟ ಮುಗಿಸಿ ಬಂದ ಸೋಮವಾರ ನಾನು ಹೇಳ್ಬೇಕು."

"ಏನು ಹೇಳ್ತೀಯ?"

"ಗೊತ್ತಿಲ್ಲ. ನೋಡುವ."

"ಯೋಚನೆ ಮಾಡು. ನಿನ್ನಿಷ್ಟ," ಎಂದೆ.

ಇನ್ನು ಈ ಮಾತನ್ನು ನಾನಾಗಿ ಎತ್ತಬಾರದು, ಅವಳ ನಿರ್ಧಾರದ ಮೇಲೆ ನನ್ನ ನೆರಳು ಬೀಳಬಾರದು ಎಂದು ಆ ತಟ್ಟೆಯ ಮುಂದೆಯೇ ಶಪಥ ಮಾಡಿಕೊಂಡೆ. ಅದು ಔದಾರ್ಯವೋ, ಉತ್ತರ ಕೇಳುವ ಭಯವೋ, ಈಗಲೂ ಬಿಡಿಸಿ ಹೇಳಲಾರೆ. ಅವಳು ವಾಪಸ್ ಬರಬೇಕು ಎಂದು ನನಗೆ ಎಷ್ಟು ಆಸೆಯಿತ್ತೆಂದರೆ, ಅವಳ ಅಡುಗೆಮನೆಯ ಕಿಟಕಿಯಲ್ಲಿ ಬೆಳೆದಿದ್ದ ಕರಿಬೇವಿನ ಗಿಡ ನೋಡಿ ಹೊಟ್ಟೆಕಿಚ್ಚು ಬಂತು. ಇಷ್ಟು ಚಳಿಯಲ್ಲಿ ಅದು ಬೇರು ಬಿಟ್ಟಿತ್ತಲ್ಲ!

ಆ ವಾರ ಇನ್ನೊಂದು ಗಾಬರಿಯೂ ಆಯಿತು. ಅವಳು ಫೋನಿನಲ್ಲಿ ಸಹೋದ್ಯೋಗಿಗಳ ಜೊತೆ ಸ್ವೀಡಿಷ್‌ನಲ್ಲಿ ಮಾತಾಡುವಾಗ ನಡುನಡುವೆ ಸರಕ್ಕನೆ ಉಸಿರು ಒಳಗೆಳೆದುಕೊಳ್ಳುತ್ತಿದ್ದಳು. ನಮ್ಮಲ್ಲಿ ಕಾಲಿಗೆ ಮುಳ್ಳು ಚುಚ್ಚಿದರೆ, ಹಸಿಮೆಣಸು ಕಚ್ಚಿದರೆ, ಯಾರೋ ಹೋದರಂತೆ ಎಂಬ ಸುದ್ದಿ ಬಂದರೆ ಹಾಗೆ ಮಾಡುತ್ತೇವೆ.

"ನಿನಗೆ ಉಬ್ಬಸ ಶುರುವಾಗಿದೆಯೇನೆ? ಡಾಕ್ಟರಿಗೆ ತೋರಿಸಿದೀಯಾ?"

ಅವಳು ಫೋನಿಟ್ಟು ನಕ್ಕುಬಿಟ್ಟಳು. "ಉಬ್ಬಸ ಅಲ್ಲ ಮಾರಾಯ್ರೆ! ಅದು ಹೌದು ಅಂತ. ಇಲ್ಲಿಯವ್ರು ಹೌದು ಅನ್ನೋದನ್ನ ಹೊರಗೆ ಬಿಡೋದಿಲ್ಲ, ಒಳಗೆ ಎಳ್ಕೊಳ್ತಾರೆ. ನಂಗೂ ಅಂಟಿಹೋಗಿದೆ."

ಹೌದು ಎಂಬುದನ್ನು ಒಳಗೆಳೆದುಕೊಳ್ಳುವ ಜನ! ಇದನ್ನು ದಿನಚರಿಯಲ್ಲಿ ಬರೆದುಕೊಂಡು, ಅರ್ಥವಾಯಿತು ಎಂದುಕೊಂಡೆ. ಅರ್ಧ ಮಾತ್ರ ಅರ್ಥವಾಗಿತ್ತು.

ತೊರೆಬೂದಾ

ನಾವು ರೈಲಿಳಿದ ಊರಿನ ಹೆಸರನ್ನು ಸ್ವೀಡಿಷರು ಹೇಗೆ ಹೇಳಿದರೂ ನನ್ನ ಕಿವಿಗೆ ಅದು ತೊರೆಬೂದಾ. ತೊರೆ ಎಂದರೆ ಹೊಳೆ. ತೊರೆ ಎಂದರೆ ಬಿಟ್ಟುಬಿಡು ಎಂದೂ ಆಗುತ್ತದೆ. ನಿಲ್ದಾಣದ ಫಲಕದ ಕೆಳಗೆ ನಿಂತು ಎರಡನೆಯ ಅರ್ಥವನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ.

ದೇಶದ ಎರಡು ದೊಡ್ಡ ಸರೋವರಗಳನ್ನು ಸೇರಿಸುವ ಹಳೆಯ ನಾಲೆಯೊಂದು ಈ ಊರಿನ ನಡುವೆ ಹಾದುಹೋಗುತ್ತದೆ. ಒಂದು ಕಾಲಕ್ಕೆ ಸರಕಿನ ದೋಣಿಗಳನ್ನು ಎತ್ತುಗಳು ದಡದಿಂದ ಹಗ್ಗ ಕಟ್ಟಿ ಎಳೆಯುತ್ತಿದ್ದವಂತೆ. ಎತ್ತುಗಳು ನಡೆದ ಏರಿಯೇ ಈಗ ಸೈಕಲ್ ದಾರಿ. ನಾನು ಮಂಡ್ಯದ ನಾಲೆ ಬಯಲಿನಲ್ಲಿ ಬೆಳೆದವನು; ನಾಲೆ ಏರಿಯ ಮೇಲೆ ಸೈಕಲ್ ಹೊಡೆಯುವುದನ್ನು ನನಗೆ ಯಾರೂ ಕಲಿಸಬೇಕಿಲ್ಲ ಎಂದು ವಾರಿಜಾಳ ಮುಂದೆ ಸಾಕಷ್ಟು ಜಂಬ ಕೊಚ್ಚಿಕೊಂಡಿದ್ದೆ.

ಬಾಡಿಗೆಗೆ ಸಿಕ್ಕ ಸೈಕಲ್ಲಿನ ಸೀಟು ಆಳೆತ್ತರ. ಅಂಗಡಿಯವನು ಅದನ್ನು ಇಳಿಸಿ, ಇಳಿಸಿ, ಇನ್ನು ಇಳಿಯುವುದಿಲ್ಲ ಎನ್ನುವಲ್ಲಿಗೆ ತಂದ. ಮೇ ತಿಂಗಳ ಕೊನೆ. ದಡದುದ್ದಕ್ಕೂ ಬರ್ಚ್ ಮರಗಳು ಆಗಷ್ಟೇ ಚಿಗುರಿದ್ದವು. ಎಲೆಗಳೆಷ್ಟು ಎಳೆಯವೆಂದರೆ ಬಿಸಿಲು ಅವುಗಳ ಮೇಲೆ ಬೀಳದೆ ಒಳಗಿಂದಲೇ ಹಾದು ಬರುತ್ತಿತ್ತು. ಏರಿಯ ಎರಡೂ ಮಗ್ಗುಲಲ್ಲಿ ಕೊತ್ತಂಬರಿ ಹೂವಿನ ಹಾಗಿರುವ ಬಿಳಿ ಹೂಗಳು ಸೊಂಟದೆತ್ತರ ನಿಂತಿದ್ದವು. ನೀರು ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದು. ನಮ್ಮ ನಾಲೆಯ ನೀರಿಗೆ ಎಲ್ಲಿಗೋ ಹೋಗುವ ಅವಸರ. ಯಾವುದೋ ಗದ್ದೆ ಕಾಯುತ್ತಿರುತ್ತದೆ, ಯಾವುದೋ ತೂಬಿನ ಬಳಿ ಜಗಳ ಕಾಯುತ್ತಿರುತ್ತದೆ. ಈ ನೀರಿಗೆ ಯಾರೂ ಕಾಯುತ್ತಿರಲಿಲ್ಲ. ಅದು ಆಕಾಶವನ್ನು ಹೊತ್ತುಕೊಂಡು ಸುಮ್ಮನೆ ಮಲಗಿತ್ತು.

ಊರಾಚೆ ಸಣ್ಣದೊಂದು ಇಳಿಜಾರು. ಇಳಿಜಾರು ಬಂದರೆ ನಮ್ಮ ಕಡೆಯ ಹುಡುಗರೆಲ್ಲ ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ: ತುಳಿಯುವುದನ್ನು ನಿಲ್ಲಿಸಿ, ಖುಷಿಗೆ ಪೆಡಲನ್ನು ಹಿಂದಕ್ಕೆ ತಿರುಗಿಸಿದೆ. ಆ ಟಿಕಟಿಕ ಸದ್ದು ಬರಲಿ ಎಂದು. ಸದ್ದು ಬರಲಿಲ್ಲ. ಸೈಕಲ್ ನಿಂತಿತು. ನಾನು ನಿಲ್ಲಲಿಲ್ಲ.

ಬಿಳಿ ಹೂಗಳ ನಡುವೆ ಮಲಗಿ ಕಣ್ಣುಬಿಟ್ಟಾಗ ವಾರಿಜಾಳ ಮುಖ, ಅದರ ಹಿಂದೆ ಆಕಾಶ.

"ಹಿಂದಕ್ಕೆ ತುಳಿದ್ರೆ ಇಲ್ಲಿ ಬ್ರೇಕು ಮಾರಾಯ್ರೆ! ಅಂಗಡಿಯವ ಹೇಳಿದ್ದು ಕೇಳ್ಲಿಲ್ವಾ?"

"ಹೂಂ. ಕೇಳಲಿಲ್ಲ."

"ನಾಲೆ ಏರಿಯಲ್ಲಿ ಹುಟ್ಟಿದವ್ರು," ಎಂದು ಅವಳು ನನ್ನ ಕೂದಲಿನಿಂದ ಹೂವಿನ ಪುಡಿ ಕೊಡವಿದಳು.

ಮತ್ತೆ ಹೊರಟು ಸ್ವಲ್ಪ ದೂರ ಹೋಗಿರಬೇಕು. ಎದುರಿಗೆ ಸೈಕಲ್ಲಿನಲ್ಲಿ ಬರುತ್ತಿದ್ದ, ಟೋಪಿ ಹಾಕಿದ ಗಂಭೀರ ಮುದುಕರೊಬ್ಬರು ನನ್ನನ್ನು ನೋಡಿ "ಹೇಯ್!" ಎಂದರು. ನಾನು ತಕ್ಷಣ ಹಿಂದಕ್ಕೆ ತುಳಿದು, ಈ ಸಲ ಬೀಳದೆ, ಇಳಿದು ನಿಂತೆ. ಏನು ತಪ್ಪು ಮಾಡಿದೆ? ಇದು ಏಕಮುಖ ದಾರಿಯೇ? ಅವರಾಗಲೇ ದಾಟಿ ಹೋಗಿದ್ದರು. ಹಿಂದೆಯೇ ಬಂದ ಇಬ್ಬರು ಹೆಂಗಸರೂ "ಹೇಯ್, ಹೇಯ್" ಎಂದರು, ನಗುತ್ತಾ. ಅದು ಅಲ್ಲಿಯ ನಮಸ್ಕಾರ. ನಮ್ಮೂರಿನಲ್ಲಿ ಗದ್ದೆಗೆ ನುಗ್ಗಿದ ದನವನ್ನು ಕರೆಯುವ ಹಾಗೆ ಅಪರಿಚಿತರೆಲ್ಲ ನನ್ನನ್ನು ಕರೆಯುತ್ತಾ ಹೋದರು. ಸಂಜೆಯ ಹೊತ್ತಿಗೆ ನಾನೂ ಎಲ್ಲರಿಗೂ "ಹೇಯ್" ಎನ್ನತೊಡಗಿದ್ದೆ, ಸ್ವಲ್ಪ ಜೋರಾಗಿಯೇ.

ಅಂದು ಮಧ್ಯಾಹ್ನವೆಲ್ಲ ವಾರಿಜಾ ಮುಂದೆ, ನಾನು ಹಿಂದೆ. ಅವಳ ನೆರಳು ನೀರಿನಲ್ಲಿ ತಲೆಕೆಳಗಾಗಿ ಸೈಕಲ್ ಹೊಡೆಯುತ್ತಿತ್ತು. ದಡದಲ್ಲಿರುವವಳು ಉಳಿಯುವವಳೋ, ನೀರಿನಲ್ಲಿರುವವಳು ಬರುವವಳೋ ಎಂದೆಲ್ಲ ನನ್ನ ಯೋಚನೆ ಹರಿಯಿತು. ನೆಟ್ಟಗಿನ ನೀರಿನ ಪಕ್ಕ ಬಹಳ ಹೊತ್ತು ನಿಧಾನವಾಗಿ ಹೋದರೆ ಮನಸ್ಸಿಗೆ ಹೀಗಾಗುತ್ತದೆ. ಎಚ್ಚರವಿರುತ್ತದೆ, ಆದರೆ ನಿದ್ದೆಯ ಬುದ್ಧಿ ಕೆಲಸ ಮಾಡುತ್ತಿರುತ್ತದೆ.

ವಾಸ್‌ಬಾಕೆನ್

ತಂಗಿದ್ದು ನಾಲೆಯ ಪಕ್ಕದ ಒಂದು ತೋಟದ ಮನೆಯಲ್ಲಿ. ಕೆಂಪು ಬಳಿದ ಮರದ ಮನೆ, ಬಿಳಿ ಕಿಟಕಿ. ಒಡತಿ ಗುನಿಲ್ಲಾ, ಎಪ್ಪತ್ತರ ಹತ್ತಿರದವರು. ಬಾಗಿಲಲ್ಲಿ ಚಪ್ಪಲಿ ಬಿಚ್ಚಿಟ್ಟದ್ದನ್ನು ನೋಡಿ ಆಕೆಗೆ ಸಮಾಧಾನವಾಯಿತು. ಅವರಲ್ಲೂ ಹಾಗೇ ಅಂತೆ. ಈ ಒಂದು ವಿಷಯದಲ್ಲಿ ಸ್ವೀಡಿಷರೂ ನಾವೂ ಬೀಗರಾಗಬಹುದು.

ಬಿಸಿನೀರು ಇದೆಯೇ ಎಂದು ಕೇಳಿದೆ. ಗುನಿಲ್ಲಾ ಸರಕ್ಕನೆ ಉಸಿರೆಳೆದುಕೊಂಡರು. ಇದೆ ಎಂದರ್ಥ. ಹೊದಿಕೆಗಳು ಮೇಲಿವೆಯೇ? ಮತ್ತೆ ಉಸಿರು. ನಾನೀಗ ಜಾಣನಾಗಿದ್ದೆ, ಗಾಬರಿಯಾಗಲಿಲ್ಲ. ಕೇಳಿದ್ದಕ್ಕೆಲ್ಲ ಹೀಗೆ ಒಳಗೊಳಗೇ ಹೌದೆನ್ನುವ ಮನೆಯಲ್ಲಿ ಇರುವುದು ಎಷ್ಟು ಹಿತ ಅನ್ನಿಸಿತು.

ಊಟವಾದ ಮೇಲೆ ನಾವಿಬ್ಬರೂ ನೀರಿನ ಮೇಲೆ ಚಾಚಿಕೊಂಡಿದ್ದ ಮರದ ಕಟ್ಟೆಯಲ್ಲಿ ಕುಳಿತೆವು. ಅಲ್ಲಿಯ ಸಂಜೆ ಮುಗಿಯುವ ಸಂಜೆಯಲ್ಲ. ಬೆಳಕು ಹೋಗುತ್ತೇನೆ ಎನ್ನುತ್ತದೆ, ಬಾಗಿಲವರೆಗೆ ಹೋಗುತ್ತದೆ, ಅಲ್ಲೇ ನಿಂತು ಮಾತಿಗೆ ತೊಡಗುತ್ತದೆ. ಎಲ್ಲೋ ಕುಕ್ಕೂ ಹಕ್ಕಿ ಕೂಗುತ್ತಿತ್ತು. ಪಕ್ಕದಲ್ಲಿ ಸೇಬಿನ ಮರ ಹೂ ಬಿಟ್ಟಿತ್ತು. ಒಂದೊಂದೇ ಎಸಳು ಬಂದು ನೀರಿನ ಮೇಲೆ ಕೂತು ಎತ್ತ ಹೋಗಲೆಂದು ತಿಳಿಯದೆ ಅಲ್ಲೇ ತಿರುಗುತ್ತಿತ್ತು.

ವಾರಿಜಾ ಹೇಳಿದಳು, "ಇಷ್ಟು ಚಂದದ ಜಾಗ ಇನ್ನೊಂದು ಉಂಟಾ ಹೇಳಿ."

ಮೆಲ್ಲಗೆ, ತನಗೇ ಹೇಳಿಕೊಂಡಂತೆ ಹೇಳಿದಳು. ಆ ದನಿಯಲ್ಲಿ ನನಗೆ ತೀರ್ಪು ಕೇಳಿಸಿತು. ತಟ್ಟೆಯ ಮುಂದೆ ಮಾಡಿದ ಶಪಥ ಮರೆತೇಹೋಯಿತು.

"ಹಾಗಾದ್ರೆ ನೀನು ಬರಲ್ವಾ?" ಎಂದುಬಿಟ್ಟೆ.

ಅವಳು ನೀರನ್ನೇ ನೋಡುತ್ತಿದ್ದಳು. ಆಮೇಲೆ ಉಸಿರು ಒಳಗೆಳೆದುಕೊಂಡಳು. ಅದರೊಳಗೆ ತೆಳ್ಳಗೆ ಒಂದು 'ಊ' ಇತ್ತು.

ಹೂಂ.

ನಾನು ಕೇಳಿದ್ದು ಬರಲ್ವಾ ಎಂದು. ಅವಳು ಹೌದೆಂದಳು. ಹೌದು, ಬರಲ್ಲ. ಅದಕ್ಕಿಂತ ಸ್ಪಷ್ಟ ಉತ್ತರ ಏನಿದೆ? ಎಸಳು ಇನ್ನೂ ತಿರುಗುತ್ತಲೇ ಇತ್ತು. "ಸರಿ," ಎಂದೆ. ಎದ್ದು ನಿಂತು, "ಚಳಿಯಾಗ್ತಿದೆ, ಒಳಗೆ ಹೋಗೋಣ," ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಏನೋ ಕಾಯುತ್ತಿದ್ದಳೆಂದು ಈಗ ಅನ್ನಿಸುತ್ತದೆ. ಆಗಲೂ ಅನ್ನಿಸಿತ್ತೇ, ಅಥವಾ ಆಮೇಲೆ ನಡೆದದ್ದು ಗೊತ್ತಿರುವುದರಿಂದ ಆ ನೋಟವನ್ನು ಈಗ ಅಲ್ಲಿ ಇಡುತ್ತಿದ್ದೇನೆಯೇ? ಅಂದಿನ ದಿನಚರಿಯಲ್ಲಿ ಇರುವುದು ಇಷ್ಟೇ: ಕುಕ್ಕೂ ಹಕ್ಕಿ. ಸೇಬಿನ ಹೂ. ಚಳಿ.

ಎತ್ತುಗಳ ದಾರಿಯಲ್ಲಿ

ಮಾರನೆಯ ಬೆಳಗ್ಗೆ ಹೊರಟಾಗ ಮಂಜು ನೀರಿನಿಂದ ಏಳುತ್ತಿತ್ತು. ಮೊದಲ ತಿರುವಿನವರೆಗೆ ದುಃಖ ಜೊತೆಗೇ ಬಂತು. ಆಮೇಲೆ ಅದು ವಿಚಿತ್ರವಾಗಿ ಹಗುರಾಯಿತು. ಇನ್ನು ಕೇಳುವುದೇನೂ ಉಳಿದಿಲ್ಲ. ಭಯಪಡುವುದೂ ಇಲ್ಲ. ಸೈಕಲ್ ತಾನಾಗಿಯೇ ಹೋಗುತ್ತಿತ್ತು. ಮೈಸೂರಿನ ಮನೆಯನ್ನು ನಾನೊಬ್ಬನೇ ಇರುವ ಮನೆಯಾಗಿ ಮನಸ್ಸಿನಲ್ಲೇ ಜೋಡಿಸಿಕೊಂಡೆ: ಅವಳ ಮೇಜನ್ನು ಕಿಟಕಿಯ ಕಡೆ ಎಳೆದು ನನ್ನ ಪುಸ್ತಕ ಇಡಬಹುದು, ಪ್ರತಿ ಬೇಸಗೆ ಇಲ್ಲಿಗೆ ಬರಬಹುದು, ಇದೇ ಏರಿ, ಇದೇ ಹೂವು. ಹೀಗೆ ಬಾಳುವವರು ಎಷ್ಟು ಜನರಿಲ್ಲ?

ಅಷ್ಟು ಉದಾರನಾದ ಮೇಲೆ ಅದನ್ನು ಅವಳಿಗೆ ತಿಳಿಸದೆ ಇರಲಾಗಲಿಲ್ಲ. ತುಳಿದು ಅವಳ ಪಕ್ಕಕ್ಕೆ ಬಂದೆ.

"ನಿನ್ನೆ ಹೇಳಿದ್ಯಲ್ಲ, ಅದಕ್ಕೆ ನೀನೇನೂ ಬೇಜಾರು ಮಾಡ್ಕೋಬೇಡ. ನಾನು ಹೇಗೋ ಹೊಂದ್ಕೋತೀನಿ."

ಅವಳ ಸೈಕಲ್ ಸ್ವಲ್ಪ ಓಲಾಡಿತು. "ಹೊಂದ್ಕೊಳ್ಳುದಾ? ಅಷ್ಟು ಕಷ್ಟ ಉಂಟಾ ನಿಮ್ಗೆ?"

"ಕಷ್ಟ ಇದ್ದೇ ಇರತ್ತೆ ಕಣೆ. ಆದ್ರೆ ಮೂರು ವರ್ಷದಿಂದ ಒಬ್ನೇ ಇದ್ದು ಅಭ್ಯಾಸ ಆಗಿದೆಯಲ್ಲ."

"ಅಭ್ಯಾಸ ಆಗಿದೆ."

"ಆಗಿದೆ. ನಿನ್ನ ಮೇಜು ಇದ್ದ ಜಾಗದಲ್ಲಿ ನನ್ನ ಪುಸ್ತಕ ಇಟ್ಕೋಬಹುದು ಅಂತ ಯೋಚಿಸ್ತಿದ್ದೆ."

ಅವಳು ಜೋರಾಗಿ ತುಳಿದು ಮುಂದೆ ಹೋದಳು. ಅವಳ ಕೆಂಪು ಜಾಕೆಟ್ಟು ಚಿಕ್ಕದಾಗುತ್ತಾ ಬಿಳಿ ಹೂಗಳ ನಡುವೆ ಕುಂಕುಮದ ಬೊಟ್ಟಾಯಿತು. ನನ್ನ ಒಳ್ಳೆಯತನ ಅವಳಿಗೆ ತಡೆಯಲಾಗಲಿಲ್ಲ, ಅಳು ಬಂದಿರಬೇಕು, ನೋಡಬಾರದೆಂದು ಮುಂದೆ ಹೋಗಿದ್ದಾಳೆ ಎಂದುಕೊಂಡೆ. ಅಳು ಬಂದಿತ್ತೆನ್ನುವುದು ಸರಿಯಾಗಿತ್ತು. ಕಾರಣ ಬೇರೆಯಿತ್ತು.

ದಾರಿಯಲ್ಲಿ ಬಿದ್ದ ಮರವೊಂದರ ಮೇಲೆ ಕುಳಿತು ರೊಟ್ಟಿ ತಿಂದೆವು. ಒಂದು ಬಾತುಕೋಳಿ ತನ್ನ ಮರಿಗಳನ್ನು ಸಾಲಾಗಿ ಕರೆದುಕೊಂಡು ನಮ್ಮೆದುರೇ ಹಾದುಹೋಯಿತು. ಬೇರೆ ದಿನವಾಗಿದ್ದರೆ ವಾರಿಜಾ ಫೋನು ತೆಗೆಯುತ್ತಿದ್ದಳು. ಅಂದು ಅವಳು ತನ್ನ ರೊಟ್ಟಿಯನ್ನು ಸಣ್ಣ ಸಣ್ಣ ಚೂರು ಮಾಡುತ್ತಾ ಕುಳಿತಿದ್ದಳು, ತಿನ್ನುತ್ತಿರಲಿಲ್ಲ.

"ಉಪ್ಪು ಕಡಿಮೆಯಾಯ್ತಾ?" ಎಂದು ಕೇಳಿದೆ.

"ನಿಮ್ಗೆ ಎಲ್ಲಾ ಸರಿ ಉಂಟಲ್ಲ, ಸಾಕು," ಎಂದಳು.

ತೋತೋರ್ಪ್

ಇಲ್ಲಿ ನಾಲೆ ಒಂದು ಸರೋವರವನ್ನು ಸೇರುತ್ತದೆ. ಸೇರುವ ಕಡೆ ಎರಡು ಜೋಡಿ ಮರದ ಬಾಗಿಲುಗಳಿವೆ. ದೋಣಿ ನಡುವಿನ ಕಲ್ಲಿನ ತೊಟ್ಟಿಯೊಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ಮುಂದಿನಿಂದ ನೀರು ಬಿಟ್ಟು, ಎರಡೂ ಕಡೆಯ ನೀರನ್ನು ಒಂದೇ ಮಟ್ಟಕ್ಕೆ ತರುತ್ತಾರೆ. ಇದನ್ನು ಸ್ಲುಸ್ ಎನ್ನುತ್ತಾರೆ. ಬೇರೆಡೆ ಗುಂಡಿ ಒತ್ತಿದರೆ ಬಾಗಿಲು ತೆರೆಯುತ್ತದಂತೆ. ಇಲ್ಲಿ ಇನ್ನೂ ಕೈಯಿಂದಲೇ. ಆ ಬಾಗಿಲು ಕಾಯುತ್ತಿದ್ದಾಕೆಯ ಹೆಸರು ಮೈ. ಅರವತ್ತು ದಾಟಿದ, ತೋಳು ಬಲಿತ, ನಗುಮುಖದ ಹೆಂಗಸು. ನಮ್ಮೂರಿನ ಭಾಷೆಯಲ್ಲಿ ಹೇಳುವುದಾದರೆ ನೀರುಗಂಟಿ.

ಒಂದು ಬಿಳಿ ದೋಣಿ ಬಂದಿತ್ತು. ಮೈ ನಮ್ಮನ್ನು ನೋಡಿ ಕೈಬೀಸಿ ಕರೆದಳು: ಸುಮ್ಮನೆ ನಿಂತಿದ್ದೀರಲ್ಲ, ಬನ್ನಿ, ತಳ್ಳಿ. ಬಾಗಿಲಿಗೆ ಕೂಡಿಸಿದ್ದ ಉದ್ದನೆಯ ತೊಲೆಗೆ ಬೆನ್ನು ಕೊಟ್ಟು ವಾರಿಜಾ ಒಂದು ದಡದಲ್ಲಿ, ನಾನು ಇನ್ನೊಂದು ದಡದಲ್ಲಿ ತಳ್ಳಿದೆವು. ಮೊದಲು ಏನೂ ಆಗುವುದಿಲ್ಲ. ನೀರಿನ ಭಾರ ಅಷ್ಟಿರುತ್ತದೆ. ಆಮೇಲೆ ಎಲ್ಲೋ ಆಳದಲ್ಲಿ ಮನಸ್ಸು ಬದಲಾಯಿಸಿದಂತೆ ತೊಲೆ ಮೆಲ್ಲಗೆ ಹೊರಳುತ್ತದೆ. ಇಷ್ಟೆಲ್ಲ ಮಾಡಿ ನೀರು ಏರಿದ್ದು ಒಂದು ಗೇಣೂ ಇರಲಿಕ್ಕಿಲ್ಲ. ಆದರೆ ಆ ಗೇಣು ಸರಿಯಾಗದೆ ದೋಣಿ ಮುಂದೆ ಹೋಗುವಂತಿರಲಿಲ್ಲ.

ದೋಣಿ ಹೋದ ಮೇಲೆ ಮೈ ಫ್ಲಾಸ್ಕು ತೆಗೆದಳು. ವಾರಿಜಾಳಿಗೆ ಕೊಟ್ಟಳು. ನಾನು ದೂರದಲ್ಲಿ ಕಲ್ಲಿನ ಮೇಲೆ ಕೂತಿದ್ದೆ. ಅವರ ಕಪ್ಪು ಕಾಫಿ ಆ ವಾರದಲ್ಲಿ ನನ್ನ ಹೊಟ್ಟೆಯನ್ನು ಸಾಕಷ್ಟು ಕೆಡಿಸಿತ್ತು.

"ನಿಮಗೆ ಕಾಫಿ ಬೇಡವೇ?" ಎಂದು ಮೈ ಇಂಗ್ಲಿಷಿನಲ್ಲಿ ಕೇಳಿದಳು.

"ಯೆಸ್," ಎಂದೆ. ಹೌದು, ಬೇಡ.

ಮೈ ಲೋಟದ ತುಂಬ ಕಾಫಿ ಸುರಿದು ತಂದುಕೊಟ್ಟಳು.

ನಾನು ಕಣ್ಣು ಪಿಳುಕಿಸುತ್ತಾ ಲೋಟ ಹಿಡಿದು ಕೂತೆ. ಬೆಳಗಿನಿಂದ ಬಿಗಿದುಕೊಂಡಿದ್ದ ವಾರಿಜಾಳ ಮುಖ ಸಡಿಲವಾಯಿತು. ಅವಳಿಗೆ ನಗು ತಡೆಯಲಾಗಲಿಲ್ಲ.

"ಕುಡೀರಿ ಈಗ! ಬೇಡ್ವಾ ಅಂತ ಕೇಳಿದ್ರೆ ಯೆಸ್ ಅನ್ಲಿಕ್ಕೆ ಉಂಟಾ? ಅದು ಬೇಕು ಅಂತ ಆಗ್ತದೆ."

"ಬೇಡ್ವಾ ಅಂದ್ರು. ಹೌದು ಅಂದೆ. ಬೇಡ ಅಂತ ತಾನೇ ಅರ್ಥ?"

"ಅದು ಕನ್ನಡದಲ್ಲಿ. ಇವ್ರಲ್ಲಿ ಹಾಗಲ್ಲ ಮಾರಾಯ್ರೆ. ಇವ್ರಲ್ಲಿ ಹೌದು ಅನ್ಲಿಕ್ಕೆ ಎರಡು ಶಬ್ದ ಉಂಟು. ಬೇಕಾ ಅಂತ ಕೇಳಿದ್ರೆ 'ಯಾ'. ಬೇಡ್ವಾ ಅಂತ ಕೇಳಿದ್ರೆ 'ಯೂ'. 'ಯೂ' ಅಂದ್ರೆ ಬೇಡ ಅಲ್ಲ, ಬೇಕೇ ಬೇಕು ಅಂತ. ನಾನೂ ಮೊದಲ ವರ್ಷ ಇದೇ ತಪ್ಪು ಮಾಡಿ ಎಷ್ಟು ಕೇಕು ತಿಂದಿದ್ದೇನೆ ಗೊತ್ತುಂಟಾ? ಈಗ ಕನ್ನಡದಲ್ಲಿ ಮಾತಾಡುವಾಗ್ಲೂ ಬಾಯಿಗೆ ಅದೇ—"

ಅವಳು ಅಲ್ಲಿಗೇ ನಿಂತಳು.

ನಾನು ಲೋಟವನ್ನು ಕಲ್ಲಿನ ಮೇಲಿಟ್ಟೆ.

"ವಾರಿಜಾ. ನಿನ್ನೆ ಸಂಜೆ ನಾನು ಬರಲ್ವಾ ಅಂದಾಗ ನೀನು ಏನಂದೆ?"

"ಯೂ ಅಂದೆ."

"ನಂಗೆ ಹೂಂ ಅಂತ ಕೇಳಿಸ್ತು."

"ನಾನು ಬರ್ತೇನೆ ಅಂತ ಹೇಳಿದ್ದು!"

"ನಾನು ಬರಲ್ಲ ಅಂತ ತಿಳ್ಕೊಂಡೆ!"

"ಮತ್ತೆ ಹೊಂದ್ಕೋತೀನಿ ಅಂದ್ರಲ್ಲ? ಕಷ್ಟ ಅಂದ್ರಲ್ಲ? ಒಬ್ರೇ ಇದ್ದು ಅಭ್ಯಾಸ ಆಗಿದೆ, ನನ್ನ ಮೇಜಿನ ಜಾಗದಲ್ಲಿ ಪುಸ್ತಕ..."

"ನೀನಿಲ್ದೆ ಹೊಂದ್ಕೋತೀನಿ ಅಂದಿದ್ದು ಕಣೆ!"

"ನಾನು ಬಂದ್ರೆ ಹೊಂದ್ಕೋಬೇಕು ಅಂತ ಹೇಳ್ತಿದ್ದೀರಿ ಅಂತ ಮಾಡಿದೆ! ಬೆಳಿಗ್ಗೆಯಿಂದ ನಾನು... ಸೋಮವಾರ ಇಲ್ಲೇ ಇರ್ತೇನೆ ಅಂತ ಹೇಳಿಬಿಡುವಾ ಅಂತ ಗಟ್ಟಿ ಮಾಡ್ಕೊಂಡಾಗಿತ್ತು ಮಾರಾಯ್ರೆ, ನಿಮ್ಗೆ ಬೇಡದ ಮನೆಗೆ ಯಾಕೆ ಬರುದು ಅಂತ!"

ಕನ್ನಡದ ಗದ್ದಲ ಕೇಳಿ ಮೈ ಓಡಿಬಂದಳು. ಕಾಫಿ ಚೆನ್ನಾಗಿಲ್ಲವೇ ಎಂದು ಕೇಳಿದಳು. ನಾವಿಬ್ಬರೂ ಒಟ್ಟಿಗೆ ಬಾಯಿ ತೆರೆದು, ಒಟ್ಟಿಗೆ ಮುಚ್ಚಿದೆವು. ಅದೂ 'ಇಲ್ಲವೇ' ಪ್ರಶ್ನೆ. ಕೊನೆಗೆ ನಾನು ಲೋಟವನ್ನೆತ್ತಿ ಗಟಗಟ ಕುಡಿದು ಮುಗಿಸಿದೆ. ಯಾವ ಭಾಷೆಯಲ್ಲೂ ತಪ್ಪಾಗದ ಉತ್ತರ ಅದೊಂದೇ ಇತ್ತು.

ಸರೋವರದ ಪಕ್ಕ

ಮುಂದಿನ ದಾರಿ ಕಾಡಿನೊಳಗೆ, ಸರೋವರದ ಅಂಚಿನಲ್ಲೇ. ಸೈಕಲ್ ಹತ್ತದೆ ತಳ್ಳಿಕೊಂಡು ನಡೆದೆವು. ಪೈನ್ ಮರಗಳ ನಡುವೆ ನೀರು ಕಾಣುವುದು, ಮರೆಯಾಗುವುದು. ನಗು ಮುಗಿದ ಮೇಲೆ ನನಗೊಂದು ಯೋಚನೆ ಹತ್ತಿತು. ನಾನು 'ಬರಲ್ವಾ' ಎಂದು ಕೇಳಿದ್ದರಿಂದಲೇ ಅವಳು ಪಟ್ಟು ಹಿಡಿದು 'ಬರ್ತೇನೆ' ಎಂದಿರಬಹುದಲ್ಲ? 'ಇಲ್ಲೇ ಇರ್ತೀಯಾ' ಎಂದು ಕೇಳಿದ್ದರೆ? ಪ್ರಶ್ನೆ ವಾಲಿದ ಕಡೆಗೆ ಉತ್ತರವೂ ವಾಲಿದ್ದರೆ, ಅದು ಅವಳ ಉತ್ತರವೇ?

"ಇನ್ನೊಂದು ಸಲ ಕೇಳ್ಲಾ?" ಎಂದೆ.

"ಕೇಳಿ. ಆದ್ರೆ ನೆಟ್ಟಗೆ ಕೇಳಿ."

ನೆಟ್ಟಗೆ ಕೇಳುವುದು ಎಷ್ಟು ಕಷ್ಟ! ಬರ್ತೀಯಾ ಎಂದರೆ ಕರೆದಂತೆ. ಬರಲ್ವಾ ಎಂದರೆ ದೂರಿದಂತೆ. ಇರ್ತೀಯಾ ಎಂದರೆ ಕಳಿಸಿಕೊಟ್ಟಂತೆ. ಯಾವ ಕಡೆಗೂ ವಾಲದ ವಾಕ್ಯಕ್ಕಾಗಿ ಹುಡುಕುತ್ತಾ ಬಹಳ ದೂರ ನಡೆದಿರಬೇಕು. ಅವಳು ಅವಸರ ಮಾಡಲಿಲ್ಲ.

"ನಿನಗೇನು ಬೇಕು?" ಎಂದೆ ಕೊನೆಗೆ.

ಅವಳು ಸೈಕಲ್ಲನ್ನು ಮರಕ್ಕೆ ಒರಗಿಸಿದಳು.

"ಇಲ್ಲಿ ಎಲ್ಲಾ ಒಳ್ಳೇದೇ ಉಂಟು. ಕೆಲಸ ಇಷ್ಟ, ಜನ ಇಷ್ಟ. ಇದು ಬಿಟ್ಟು ಬಂದ್ರೆ ಬೇಸರ ಆಗ್ತದೆ, ಆಗ್ಲಿಕ್ಕಿಲ್ಲ ಅಂತ ನಾನು ಹೇಳೋದಿಲ್ಲ. ಆದ್ರೆ ನೋಡಿ, ಇಲ್ಲಿ ನಾನು ಮಾತಾಡಿದ್ರೆ ಎಲ್ಲರೂ ಕಾಯ್ತಾರೆ. ವಾಕ್ಯ ಮುಗಿಯುವವರೆಗೆ ಕಾಯ್ತಾರೆ. ಮುಗಿದ ಮೇಲೂ ಸ್ವಲ್ಪ ಕಾಯ್ತಾರೆ. ಆಮೇಲೆ ಉಸಿರು ಎಳ್ಕೊಳ್ತಾರೆ. ಮೂರು ವರ್ಷ ಆಯ್ತು, ನನ್ನ ಮಾತಿಗೆ ಯಾರೂ ಅಡ್ಡ ಬರ್ಲಿಲ್ಲ. ಒಂದು ಸಲ ಕೂಡ ಯಾರೂ—"

"ಅದಕ್ಕೆ ಅಲ್ವೇನೆ, ನಾನು ಆವತ್ತೇ ಹೇಳಿದ್ದೆ, ಆ ಜನರ ಮಧ್ಯೆ ನೀನು—"

ಹೇಳುತ್ತಾ ಹೇಳುತ್ತಾ ನನಗೇ ತಿಳಿಯಿತು. ಅವಳು ಸೈಕಲ್ಲಿನ ಹ್ಯಾಂಡಲ್ ಮೇಲೆ ತಲೆಯಿಟ್ಟು ನಗುತ್ತಿದ್ದಳು. ನಗುತ್ತಿದ್ದಳು ಎಂದೇ ನನ್ನ ನೆನಪು. ತಲೆ ಎತ್ತಿದಾಗ ಕಣ್ಣು ಒದ್ದೆಯಿತ್ತು.

"ಇದೇ ಬೇಕು," ಎಂದಳು. "ಈ ಅಡ್ಡ ಬಾಯಿ. ಬರ್ತೇನೆ. ಮೇಜು ಮಾತ್ರ ಮುಟ್ಬೇಡಿ. ಅದ್ರ ಮುಂದೆ ಕೂತು ಅಲ್ಲೇ ಒಂದು ಕೆಲಸ ಹುಡುಕ್ತೇನೆ."

ಈ ಸಲ ಮಾತನ್ನು ಒಳಗೆಳೆದುಕೊಳ್ಳಲಿಲ್ಲ. ಹೊರಗೆ, ಜೋರಾಗಿ, ಉಡುಪಿಯ ಕನ್ನಡದಲ್ಲಿ ಹೇಳಿದಳು. ಸರೋವರದ ಮೇಲೆ ಯಾವುದೋ ಹಕ್ಕಿ ಬೆಚ್ಚಿ ಎದ್ದು ಹಾರಿಹೋಯಿತು. ಅಲ್ಲಿಂದ ಸೈಕಲ್ ಹತ್ತಿದೆವು. ಇಳಿಜಾರು ಬಂದ ಕಡೆ ನಾನು ಹಿಂದಕ್ಕೆ ತುಳಿಯಲಿಲ್ಲ.

ಮೈಸೂರು

ಇದನ್ನು ಬರೆದದ್ದು ವಾರಿಜಾಳ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕುಳಿತು. ಮೇಜು ಅವಳದು, ನನಗೆ ಸಿಗುವುದಿಲ್ಲ. ಉಸಿರೆಳೆದುಕೊಳ್ಳುವ ಅಭ್ಯಾಸ ಅವಳನ್ನು ಇನ್ನೂ ಬಿಟ್ಟಿಲ್ಲ. ಮೊನ್ನೆ ಬಾಗಿಲಿಗೆ ಬಂದ ಸೊಪ್ಪಿನ ನಾಗಮ್ಮ, "ಮೆಂತ್ಯ ಎರಡು ಕಟ್ಟು ಹಾಕ್ಲಾ ಅಮ್ಮಾವ್ರೇ?" ಎಂದು ಕೇಳಿ, ವಾರಿಜಾ ಒಳಗೆಳೆದುಕೊಂಡ 'ಹೌದು' ಕಿವಿಗೆ ಬಿದ್ದದ್ದೇ, ಬುಟ್ಟಿ ಇಳಿಸಿ, "ಯಾಕ್ರವ್ವಾ, ಎದೆ ಹಿಡ್ಕೊಂತಾ? ಯಜಮಾನ್ರನ್ನ ಕರೀಲಾ?" ಎಂದು ಕೂಗಿದಳು.

ಬರೆದು ಮುಗಿಸಿ ಇಷ್ಟನ್ನೂ ವಾರಿಜಾಳಿಗೆ ಓದಿಹೇಳಿದೆ. ಅವಳು ಕಾಯಲಿಲ್ಲ. ಸೈಕಲ್ ನೀಲಿ, ಎಂದಳು. ಸೇಬಿನ ಮರ ಆ ಮನೆಯಲ್ಲಿರಲಿಲ್ಲ, ಎಂದಳು. ಜಾಕೆಟ್ಟು ಕೆಂಪಲ್ಲ, ಕುಂಕುಮದ ಬೊಟ್ಟಂತೆ ಬೊಟ್ಟು, ಎಂದಳು. ತಾನು ಅಷ್ಟು ಸಲ ಮಾರಾಯ್ರೆ ಎನ್ನುವುದೇ ಇಲ್ಲ ಮಾರಾಯ್ರೆ, ಎಂದಳು.

ನನಗೆ ರೇಗಿತು. "ಹಾಗಾದ್ರೆ ಇದು ಹೀಗೆ ನಡೀಲೇ ಇಲ್ವಾ?"

ಅವಳು ಕಿಟಕಿಯ ಹೊರಗೆ ನೋಡುತ್ತಾ ಉಸಿರು ಒಳಗೆಳೆದುಕೊಂಡಳು.

ಕನ್ನಡದಲ್ಲೋ ಸ್ವೀಡಿಷ್‌ನಲ್ಲೋ ಎಂದು ನಾನು ಕೇಳಲಿಲ್ಲ.